ಅಕ್ಕಿ ಡಬ್ಬಿಯಲ್ಲಿ ಎಚ್‌ಎಂಟಿ

ತುಂಗಭದ್ರಾ ಎಡದಂಡೆ ನಾಲೆಯ ನೀರು ಕೆಳಭಾಗದ ಹೊಲಗಳಿಗೆ ಸರಿಯಾಗಿ ಬರುವುದಿಲ್ಲ ಎಂಬುದು ಸಿಂಧನೂರು, ಮಸ್ಕಿ ಕಡೆಯ ರೈತರ ಹಳೆಯ ದೂರು. ಮನವಿ ಕೊಟ್ಟರೂ, ರಸ್ತೆ ತಡೆದರೂ ಬಾರದ ಆ ನೀರು ಅದೇ ಸೀಮೆಯ ಬಳಗಾನೂರಿನವರ ಕೈಗಡಿಯಾರದೊಳಕ್ಕೆ ಮಾತ್ರ ಯಾರ ಶಿಫಾರಸೂ ಇಲ್ಲದೆ ಹೊಕ್ಕುಬಿಡುತ್ತದೆ. ತೂಬಿಗೆ ಸಿಕ್ಕ ಕಸ ಎಳೆಯುವಾಗ, ಪಂಪ್‌ಸೆಟ್ಟಿನ ಫುಟ್‌ವಾಲ್ವು ತಡಕಾಡುವಾಗ, ಎತ್ತಿನ ಮೈ ತೊಳೆಯುವಾಗ ವಾಚು ಬಿಚ್ಚಿಡಬೇಕೆಂಬುದು ಎಲ್ಲರಿಗೂ ಗೊತ್ತು. ನೆನಪಾಗುವುದು ಕೈ ಮೊಣಕೈವರೆಗೆ ಮುಳುಗಿದ ಮೇಲೆ.

ಮೊಬೈಲು ಬಂದಮೇಲೆ ವಾಚು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಆದರೆ ಮದುವೆಯಲ್ಲಿ ಬೀಗರು ಕಟ್ಟಿದ ವಾಚು, ನಿವೃತ್ತಿಯ ದಿನ ಹಾರ, ಶಾಲಿನ ಜೊತೆ ಬಂದ ವಾಚು, ಅಪ್ಪ ಬಿಟ್ಟುಹೋದ ವಾಚು ಟೈಮು ನೋಡಲಿಕ್ಕಷ್ಟೇ ಇರುವುದಲ್ಲವಲ್ಲ. ಇಂಥವು ಹೆಚ್ಚಾಗಿ ಎಚ್‌ಎಂಟಿ ಆಗಿರುತ್ತವೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಕಾರ್ಖಾನೆ ಜನತಾ, ಪೈಲಟ್, ಸೋನಾ, ಕೋಹಿನೂರ್ ಎಂದು ಹೆಸರಿಟ್ಟು ದೇಶದ ಮುಂಗೈಗಳಿಗೆಲ್ಲ ವಾಚು ತೊಡಿಸಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್‌ಗೆ ಬೀಗ ಹಾಕಲು ಒಪ್ಪಿಗೆ ಕೊಟ್ಟಿತು. ವಾಚುಗಳಿಗೆ ಆ ಸುದ್ದಿ ಮುಟ್ಟಿಲ್ಲ. ಬೆಳಿಗ್ಗೆ ಎದ್ದು ಚಾವಿ ಕೊಟ್ಟರೆ ಈಗಲೂ ನಡೆಯುತ್ತವೆ.

ಡಯಲಿನ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತದೆ. ಹಟ್ಟಿಯ ಚಿನ್ನದ ಗಣಿ ಪಕ್ಕದ ಲಿಂಗಸುಗೂರು ತಾಲೂಕಿನಲ್ಲೇ ಇರುವುದರಿಂದ ಈ ಸೀಮೆಯವರಿಗೆ ಒಡವೆಯ ಮಾತೆಂದರೆ ಕಿವಿ ಬೇಗ ನೆಟ್ಟಗಾಗುತ್ತದೆ. ಆದರೆ ಅವು ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಚೂರುಗಳು. ಮಾರಿದರೆ ಚಹಾದ ಖರ್ಚೂ ಹುಟ್ಟುವುದಿಲ್ಲ. ಒಂದು ಸದ್ಗುಣವಿದೆ: ನೀರಿಗೆ ಅವು ಜಗ್ಗುವುದಿಲ್ಲ. ಹಿತ್ತಾಳೆಯ ಪ್ಲೇಟಿಗೂ ತುಕ್ಕಿನ ಭಯವಿಲ್ಲ. ಪ್ರಾಣಸಂಕಟ ಬರುವುದು ಉಕ್ಕಿಗೆ. ಚಾವಿಯ ಕಡ್ಡಿ, ಮುಳ್ಳು ತಿರುಗಿಸುವ ಸಣ್ಣ ಲಿವರು, ಅದರ ಸ್ಪ್ರಿಂಗು, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ, ಇವೆಲ್ಲ ಉಕ್ಕಿನವು. ನೀರು ಬರುವುದು ಹೆಚ್ಚಾಗಿ ಚಾವಿಯ ಸಂದಿನಿಂದಲೇ. ಹೀಗಾಗಿ ತುಕ್ಕು ಬಾಗಿಲಲ್ಲೇ ಅಂಗಡಿ ತೆರೆಯುತ್ತದೆ.

ನೀರು ಒಳಗೆ ಹೊಗುವ ಬಗೆಯೂ ಸ್ವಾರಸ್ಯದ್ದೇ. ರಾಯಚೂರು ಜಿಲ್ಲೆಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ವಾಚು ಕಾದು ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ಕೈಯನ್ನು ತಣ್ಣನೆಯ ನಾಲೆಗೆ ಅದ್ದಿದರೆ ಗಾಳಿ ಕುಗ್ಗಿ ಹೊರಗಿನ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಬೆನ್ನ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದು ಕೆತ್ತಿದ್ದರೂ ಆ ಮಾತು ಹೊಸ ವಾಚಿಗೆ, ಹೊಸ ವಾಷರಿಗೆ ಸಲ್ಲುವುದು. ‘30 ಮೀಟರ್’ ಎಂದರೆ ಅಷ್ಟು ಆಳಕ್ಕೆ ಈಜಬಹುದೆಂದಲ್ಲ. ಪರೀಕ್ಷೆಯ ಯಂತ್ರದಲ್ಲಿ ಅಷ್ಟು ಒತ್ತಡ ತಡೆದಿತ್ತು ಎಂದಷ್ಟೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದನ್ನು ಈ ಕಡೆಯವರು ಮರೆತಿಲ್ಲ. ಅಂಥ ಗೇಟೇ ಕೈಕೊಟ್ಟ ಮೇಲೆ, ಇಪ್ಪತ್ತು ವರ್ಷದಿಂದ ಬದಲಾಗದ ರಬ್ಬರ್ ಉಂಗುರವನ್ನು ದೂರಿ ಏನು ಫಲ?

ಗಾಜಿನೊಳಗೆ ಮಂಜು ಕಂಡ ಕೂಡಲೇ ಮನೆಮದ್ದು ಶುರು. ಒಬ್ಬರು ಮಾಳಿಗೆಯ ಮೇಲೆ ಬಿಸಿಲಿಗಿಡುತ್ತಾರೆ. ಇನ್ನೊಬ್ಬರು ಬಲ್ಬಿಗೆ ಕಟ್ಟುತ್ತಾರೆ. ಕೊನೆಗೆ ಗೆಲ್ಲುವುದು ಅಕ್ಕಿ ಡಬ್ಬಿ. ಭತ್ತದ ಸೀಮೆಯಲ್ಲಿ ಅಕ್ಕಿಗೇನು ಬರ? ಎಚ್‌ಎಂಟಿ ಸೋನಾ ವಾಚು ಸೋನಾ ಮಸೂರಿಯೊಳಗೆ ನಾಲ್ಕು ದಿನ ಮಲಗುತ್ತದೆ. ಅಕ್ಕಿ ಹೊರಗಿನ ತೇವವನ್ನು ಒಂದಿಷ್ಟು ಎಳೆಯಬಹುದು. ಮುಚ್ಚಳ ಬಿಗಿದ ವಾಚಿನೊಳಗಿನ ಹನಿಗೆ ಹೊರಗೆ ಅಕ್ಕಿಯಿದೆಯೋ ಜೋಳವಿದೆಯೋ ತಿಳಿಯುವುದೇ ಇಲ್ಲ. ಮುಚ್ಚಳ ತೆಗೆದಿಟ್ಟ ಜಾಣರ ವಾಚಿನೊಳಗೆ ನೀರಿನ ಜೊತೆ ತೌಡೂ ಸೇರುತ್ತದೆ. ಐದನೆಯ ದಿನ ಮಂಜು ಮಾಯವಾಗಿರುತ್ತದೆ, ವಾಚು ನಡೆಯುತ್ತಿರುತ್ತದೆ, ಮನೆಯವರು ಬೀಗುತ್ತಾರೆ. ಆದರೆ ವಾಚು ದಿನಕ್ಕೆ ಅರ್ಧ ಗಂಟೆ ಮುಂದೆ ಓಡುತ್ತಿರುತ್ತದೆ! ತೇವಕ್ಕೋ ಎಣ್ಣೆಗೋ ಬ್ಯಾಲೆನ್ಸನ್ನು ತೂಗಾಡಿಸುವ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗು ಗಿಡ್ಡವಾದಂತಾಗಿ ಬ್ಯಾಲೆನ್ಸು ಅವಸರಪಡುತ್ತದೆ. ಗಂಟೆಗೆ 18,000 ಸಲ ಮಿಡಿಯಬೇಕಾದದ್ದು ಬಸ್ ತಪ್ಪಿದವರಂತೆ ಬಡಿದುಕೊಳ್ಳುತ್ತದೆ.

ಇಷ್ಟಾದ ಮೇಲೆಯೇ ಸವಾರಿ ಸಿಂಧನೂರಿಗೆ, ವಾಚ್ ರಿಪೇರಿಯವರಲ್ಲಿಗೆ. ಅಲ್ಲಿಯ ವಿಚಾರಣೆ ಹೆಚ್ಚುಕಡಿಮೆ ಹೀಗಿರುತ್ತದೆ:

“ನೀರಾಗ ಬಿದ್ದಿತ್ತೇನ್ರಿ?”

“ಛೇ ಛೇ, ನೀರು ಇದರ ಹತ್ರಾನೂ ಸುಳಿದಿಲ್ರಿ.”

ರಿಪೇರಿಯವರು ವಾದಿಸುವುದಿಲ್ಲ. ಕಣ್ಣಿಗೆ ಲೂಪ್ ಎಂಬ ಮಸೂರ ಸಿಕ್ಕಿಸಿ, ಹಿಂಬದಿಯ ಮುಚ್ಚಳ ಎಬ್ಬಿಸುತ್ತಾರೆ. ಚಾವಿಯ ಬುಡದಲ್ಲಿ ಕಂದು ಪುಡಿ. ಒಂದು ಸ್ಕ್ರೂ ತಲೆಯಿಂದ ಕತ್ತಿನವರೆಗೆ ಕಾವಿ ಉಟ್ಟಿದೆ.

“ಹಂಗಾರ ಇದು ಏನ್ರಿ?”

“ಬೆವರಿರಬೇಕು ತಗೋರಿ.”

ಇನ್ನು ರಿಪೇರಿ. ಮೊದಲು, ಚಾವಿ ಕೊಟ್ಟಾಗ ಸುತ್ತಿಕೊಳ್ಳುವ ಮೇನ್‌ಸ್ಪ್ರಿಂಗಿನ ಬಿಗಿ ಇಳಿಸಬೇಕು. ಇಲ್ಲವಾದರೆ ಬಿಚ್ಚುವಾಗ ಚಕ್ರಗಳೆಲ್ಲ ಒಮ್ಮೆಗೇ ಗಿರ್ರನೆ ಓಡಿ ಹಲ್ಲು ಮುರಿದುಕೊಳ್ಳುತ್ತವೆ. ಆಮೇಲೆ ಬ್ಯಾಲೆನ್ಸನ್ನು ಉಸಿರು ಹಿಡಿದು ಎತ್ತಿ ಬೇರೆ ಇಡುತ್ತಾರೆ. ಚಕ್ರ, ಸೇತುವೆ, ಬ್ಯಾರೆಲ್ಲು ಒಂದೊಂದಾಗಿ ಪೆಟ್ರೋಲಿನ ಬಟ್ಟಲಿಗೆ ಇಳಿಯುತ್ತವೆ. ಬ್ರಷ್ಷು, ರಬ್ಬರ್ ಬ್ಲೋವರಿನ ಪುಸ್ ಪುಸ್, ಬೋರಲು ಹಾಕಿದ ಗಾಜಿನ ಲೋಟದಡಿ ಧೂಳು ತಾಗದಂತೆ ಕಾವಲು. ಆ ಹೊತ್ತಿನಲ್ಲಿ ಅಂಗಡಿಗೆ ಬಂದವರು ಸೀನಿದರೆ ಅವರ ಮೇಲೆ ಬೀಳುವ ನೋಟವನ್ನು ಮಾತಿನಲ್ಲಿ ಹೇಳುವುದು ಕಷ್ಟ. ತೊಳೆದರೂ ಹೋಗದ ತುಕ್ಕಿನ ಭಾಗಕ್ಕೆ ಬದಲಿ ಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಸಾಮಾನು ಸಿಗುವುದು ಹೆಚ್ಚಾಗಿ ಸತ್ತ ವಾಚುಗಳ ಡಬ್ಬಿಯಿಂದ. ಒಂದು ಜನತಾದ ಲಿವರು ಇನ್ನೊಂದು ಜನತಾದ ಹೊಟ್ಟೆ ಸೇರುತ್ತದೆ.

ನೀರು ಗೆದ್ದ ವಾಚೂ ಚರಿತ್ರೆಯಲ್ಲಿ ಇಲ್ಲದಿಲ್ಲ. ರೋಲೆಕ್ಸ್‌ನ ಆಯ್‌ಸ್ಟರ್ ಬಂದದ್ದು 1926ರಲ್ಲಿ. ಮರುವರ್ಷದ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದಳು. ಹತ್ತು ಗಂಟೆಗೂ ಮೇಲೆ ಕೊರೆಯುವ ನೀರಿನಲ್ಲಿದ್ದ ಆಕೆಯನ್ನು ದಡ ಮುಟ್ಟುವ ಮೊದಲೇ ದೋಣಿಗೆ ಎತ್ತಿಕೊಳ್ಳಬೇಕಾಯಿತು. ವಾಚು ಮಾತ್ರ ನೆಟ್ಟಗೆ ನಡೆಯುತ್ತಿತ್ತು. ಕಂಪನಿ ಲಂಡನ್ನಿನ ‘ಡೈಲಿ ಮೇಲ್’ನಲ್ಲಿ ಇಡೀ ಪುಟ ಜಾಹೀರಾತು ಕೊಟ್ಟು ವಾಚನ್ನು ಕೊಂಡಾಡಿತು. ಮಸ್ಕಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಶಾಸನ ಎರಡು ಸಾವಿರ ವರ್ಷಕ್ಕೂ ಮೀರಿ ಮಳೆ ತಡೆದಿದೆ, ವಾಷರ್ ಇಲ್ಲದೆ. ಅದಕ್ಕೆ ಯಾರೂ ಜಾಹೀರಾತು ಕೊಟ್ಟಿಲ್ಲ.

ಇತ್ತ ಸಿಂಧನೂರಿನ ಅಂಗಡಿಯಲ್ಲಿ ಕೊನೆಗೆ ಬಿಲ್ಲಿನ ಹೊತ್ತು. ವಾಚನ್ನು ಕಿವಿಗಿಟ್ಟು ಕೇಳಿ, ಮೊಬೈಲಿನ ಟೈಮಿಗೆ ಹೊಂದಿಸಿ ನೋಡಿದ ಗಿರಾಕಿಗೆ ಈಗ ಧೈರ್ಯ ಬಂದಿರುತ್ತದೆ.

“ಒಂದು ಹನಿ ನೀರಿಗೆ ಇಷ್ಟು ರೊಕ್ಕೇನ್ರಿ?”

“ನೀರಿಗೆ ಒಂದು ರೂಪಾಯಿನೂ ಹಚ್ಚಿಲ್ರಿ. ಬಿದ್ದ ದಿನಾನೇ ತಂದಿದ್ರ ಬಿಚ್ಚಿ ಒಣಗಿಸಿ, ಎಣ್ಣಿ ಹಾಕಿ ಕೊಡ್ತಿದ್ದೆ. ಇದು ನೀವು ಅಕ್ಕ್ಯಾಗ ಇಟ್ಟ ನಾಕು ದಿನದ ಬಿಲ್ರಿ.”

ಅಕ್ಕಿಯ ಸಂಗತಿಯನ್ನು ತಾನು ಬಾಯಿ ಬಿಟ್ಟೇ ಇರಲಿಲ್ಲವಲ್ಲ ಎಂದು ಗಿರಾಕಿ ಕಣ್ಣರಳಿಸುತ್ತಾನೆ. ರಿಪೇರಿಯವರು ಚಿಮಟದ ತುದಿಯಲ್ಲಿ ಒಂದು ನುಚ್ಚು ಹಿಡಿದು ತೋರಿಸುತ್ತಾರೆ.