ಶಾಕಚಿಂತಾಮೀಮಾಂಸೆ: ಚೈತ್ರಕಾಂಡ

1. ಅನುಬಂಧಚತುಷ್ಟಯ

ಸಸ್ಯವ್ಯಾಧಿಗಳ ಕುರಿತು ನಮ್ಮ ಪೂರ್ವಾಚಾರ್ಯರು ಮೌನವಾಗಿರಲಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಸುರಪಾಲನು ಅದೇ ಹೆಸರಿನಲ್ಲಿ ಸ್ವತಂತ್ರ ಗ್ರಂಥವನ್ನು ರಚಿಸಿದನು. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ತನ್ನ ಲೋಕೋಪಕಾರದಲ್ಲಿ ಈ ವಿದ್ಯೆಯನ್ನು ಪಾಕಶಾಸ್ತ್ರದ ಜೊತೆಗೇ ಕನ್ನಡಿಗರಿಗೆ ಒದಗಿಸಿದನು. ಆದರೆ ಈ ಮೂವರೂ ಗಿಡಕ್ಕೆ ಬರುವ ವ್ಯಾಧಿಯನ್ನು ನಿರೂಪಿಸಿದರೇ ಹೊರತು ಗಿಡ ನೆಟ್ಟವರಿಗೆ ಬರುವ ವ್ಯಾಧಿಯನ್ನು ಸ್ಪರ್ಶಿಸಲಿಲ್ಲ. ಬಳ್ಳಿ ಬಾಡಿದರೆ ಮಾಡಬೇಕಾದ ಉಪಚಾರಕ್ಕೆ ಶಾಸ್ತ್ರವಿದೆ; ಬಳ್ಳಿ ಬಾಡೀತೆಂದು ನಡುರಾತ್ರಿ ಟಾರ್ಚ್ ಹಿಡಿದು ತಾರಸಿ ಹತ್ತುವ ಗೃಹಸ್ಥನಿಗೆ ಶಾಸ್ತ್ರವಿಲ್ಲ. ಈ ಸಹಸ್ರವರ್ಷಗಳ ಲೋಪವನ್ನು ತುಂಬುವ ಸಲುವಾಗಿ ಶಾಕಚಿಂತಾಮೀಮಾಂಸೆಯೆಂಬ ನೂತನ ದರ್ಶನವು ಇಲ್ಲಿ ಪ್ರವರ್ತಿಸುತ್ತಿದೆ.

ಇದರ ವಿಷಯ, ಫಾಲ್ಗುನದ ಕೊನೆಯಿಂದ ಮುಂಗಾರಿನ ಆರಂಭದವರೆಗೆ ಹಿತ್ತಿಲು, ತಾರಸಿ ಹಾಗೂ ಬಾಲ್ಕನಿಗಳಲ್ಲಿ ಉತ್ಪನ್ನವಾಗುವ ಚಿಂತೆ. ಅಧಿಕಾರಿ, ಕನಿಷ್ಠ ಒಂದು ಕುಂಡವುಳ್ಳವನು. ಒಡೆದ ಬಕೆಟ್ಟು, ಪೇಂಟಿನ ಡಬ್ಬ, ಥರ್ಮಾಕೋಲ್ ಪೆಟ್ಟಿಗೆ, ಗ್ರೋ ಬ್ಯಾಗ್ ಇವುಗಳಲ್ಲಿಯೂ ಕುಂಡತ್ವವು ಸಮವಾಯಸಂಬಂಧದಿಂದ ಇರುತ್ತದೆ. ಪ್ಲಾಸ್ಟಿಕ್ ಹೂವಿಟ್ಟ ಪಿಂಗಾಣಿ ಪಾತ್ರೆಯಲ್ಲಿ ಇರುವುದಿಲ್ಲ. ಸಂಬಂಧ, ಬೋಧ್ಯಬೋಧಕಭಾವ. ಪ್ರಯೋಜನ, ಚಿಂತೆಯ ನಿವೃತ್ತಿಯಲ್ಲ, ಅದರ ಸಮ್ಯಗ್‌ಜ್ಞಾನ. ನಿವೃತ್ತಿಯನ್ನು ಬಯಸುವವರು ತರಕಾರಿ ಗಾಡಿಯನ್ನು ಆಶ್ರಯಿಸತಕ್ಕದ್ದು.

2. ಲಕ್ಷಣಪರೀಕ್ಷೆ

ಪ್ರಥಮತಃ ಲಕ್ಷಣ: ‘ಸ್ವಹಸ್ತದಿಂದ ರೋಪಿತವಾದ ಶಾಕವನ್ನು ವಿಷಯವಾಗಿ ಉಳ್ಳ, ಮಾರುಕಟ್ಟೆಯ ಧಾರಣೆಯನ್ನು ಅಪೇಕ್ಷಿಸದ ಮನೋವ್ಯಾಕುಲತೆಯೇ ಶಾಕಚಿಂತೆ.’

ಪದಕೃತ್ಯ ಹೀಗೆ. ‘ಸ್ವಹಸ್ತದಿಂದ’ ಎಂಬ ವಿಶೇಷಣವಿಲ್ಲದಿದ್ದರೆ ಗಾಡಿಯ ಮುಂದೆ ಬೆಂಡೆಕಾಯಿಯ ತುದಿ ಮುರಿದು ನೋಡುವ ಗ್ರಾಹಕನಲ್ಲಿ ಅತಿವ್ಯಾಪ್ತಿ. ‘ಧಾರಣೆಯನ್ನು ಅಪೇಕ್ಷಿಸದ’ ಎನ್ನದಿದ್ದರೆ ಕೋಲಾರದ ಮಂಡಿಗೆ ಟೊಮೆಟೊ ತರುವ ರೈತನಲ್ಲಿ ಅತಿವ್ಯಾಪ್ತಿ. ಅವನ ಚಿಂತೆಗೆ ಕಾರಣವೂ ಪರಿಮಾಣವೂ ಇರುವುದರಿಂದ ಅದು ಅರ್ಥಶಾಸ್ತ್ರಕ್ಕೆ ಸೇರಿದ್ದು. ‘ಶಾಕ’ ಎಂಬ ಪದವು ಗುಲಾಬಿಯನ್ನು ವಾರಿಸುತ್ತದೆ.

ಈ ಲಕ್ಷಣಕ್ಕೆ ಒಂದು ಅವ್ಯಾಪ್ತಿದೋಷವು ಪ್ರಾಪ್ತವಾಗುತ್ತದೆ. ಅಡುಗೆಮನೆಯ ಕಸದ ಗೊಬ್ಬರದಿಂದ ತಾನೇ ತಾನಾಗಿ ಹುಟ್ಟಿದ ಟೊಮೆಟೊ ಸಸಿಯು ರೋಪಿತವಲ್ಲ. ಆದರೂ ಅದರ ವಿಷಯದಲ್ಲಿ ಚಿಂತೆಯು ಕಾಣುತ್ತದೆ, ಎಷ್ಟೋ ಬಾರಿ ಕಾಸು ಕೊಟ್ಟು ತಂದ ಸಸಿಗಿಂತ ಅಧಿಕವಾಗಿ. ಆದ್ದರಿಂದ ‘ಸ್ವಹಸ್ತದಿಂದ ರೋಪಿತವಾದ’ ಎಂಬಲ್ಲಿ ‘ಸ್ವಹಸ್ತದಿಂದ ಕೀಳಲ್ಪಡದ’ ಎಂದು ಪರಿಷ್ಕಾರ ಮಾಡತಕ್ಕದ್ದು. ರೋಪಿತವೂ ಸ್ವಯಂಭುವೂ ಎರಡೂ ಕೀಳಲ್ಪಡದೆ ಇರುವುದರಿಂದ ಲಕ್ಷಣವು ನಿರ್ದುಷ್ಟವಾಯಿತು.

3. ಮಾನಪ್ರಕರಣ

ಮಾನವಿಲ್ಲದೆ ಮೇಯವಿಲ್ಲ. ಶಾಕಚಿಂತೆಯ ಮೂಲಮಾನವನ್ನು ‘ಇಣುಕು’ ಎಂದು ಸಂಕೇತಿಸುತ್ತೇವೆ. ಬೇರೊಂದು ಕೆಲಸದ ನೆಪವಿಲ್ಲದೆ ಕುಂಡದ ಸಮೀಪಕ್ಕೆ ಹೋಗಿ, ಬಗ್ಗಿ, ಹಿಂದಿನ ದರ್ಶನಕ್ಕಿಂತ ಭಿನ್ನವಾದದ್ದೇನನ್ನೂ ಕಾಣದೆ ಮರಳುವುದು ಒಂದು ಇಣುಕು. ಭಿನ್ನವಾದದ್ದು ಕಂಡರೆ ಅದು ದರ್ಶನವೆನಿಸುತ್ತದೆ. ಇಣುಕಿನ ಲೆಕ್ಕಕ್ಕೆ ಬಾರದು. ಒಣಗಿದ ಬಟ್ಟೆ ತರಲು ಹೋದಾಗ ಪ್ರಾಸಂಗಿಕವಾಗಿ ನೋಡಿದ್ದನ್ನು ಅರ್ಧ ಇಣುಕೆಂದು ಗ್ರಹಿಸಬೇಕು. ಬಟ್ಟೆ ಇನ್ನೂ ಒದ್ದೆಯಾಗಿದ್ದರೆ ಪೂರ್ಣ ಇಣುಕೆಂದೇ ಗ್ರಹಿಸಬೇಕು.

4. ವಿಭಾಗಪ್ರಕರಣ

ಶಾಕಚಿಂತೆಯು ಪಂಚವಿಧ: ಅಂಕುರಚಿಂತೆ, ಜಲಚಿಂತೆ, ಪುಷ್ಪಚಿಂತೆ, ಕೀಟಚಿಂತೆ, ಫಲಚಿಂತೆ. ಪ್ರತಿಯೊಂದೂ ತ್ರಿವಿಧ.

4.1. ಅಂಕುರಚಿಂತೆ. ಬೀಜಾವಾಪದ ಕ್ಷಣದಿಂದ ಎರಡೆಲೆ ಮೂಡುವವರೆಗೆ ವ್ಯಾಪಿಸುವಂಥದ್ದು. ಇದರ ತೀವ್ರತೆಯು ಬೀಜದ ಜಾತಿಯನ್ನು ಅವಲಂಬಿಸುತ್ತದೆ. ಮೆಂತ್ಯವು 2–4 ದಿನಗಳಲ್ಲಿ ಮೊಳೆಯುವುದರಿಂದ ಚಿಂತೆಗೆ ಅವಕಾಶವನ್ನೇ ಕೊಡದು. ಕೊತ್ತಂಬರಿಯಾದರೋ, ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೂ 8–12 ದಿನಗಳನ್ನು ತೆಗೆದುಕೊಳ್ಳುತ್ತದೆ. ಅದು ಈ ಪ್ರಭೇದಕ್ಕೆ ಶ್ರೇಷ್ಠ ಉದಾಹರಣೆ. ಇಲ್ಲಿ ಉಪಭೇದಗಳು ಮೂರು.

(ಅ) ಪ್ರತೀಕ್ಷಾರೂಪ. ಕೇವಲ ಇಣುಕುಗಳಿಂದ ಕೂಡಿದ್ದು, ಬೀಜಕ್ಕೆ ನಿರುಪದ್ರವಿ.

(ಆ) ಉತ್ಖನನರೂಪ. ಬೀಜವು ಇದೆಯೋ ಇಲ್ಲವೋ, ಇದ್ದರೆ ಊದಿದೆಯೋ ಇಲ್ಲವೋ ಎಂಬ ಸಂಶಯದಿಂದ ತರ್ಜನಿಯ ಮೂಲಕ ಮಣ್ಣನ್ನು ಸರಿಸಿ ಪ್ರತ್ಯಕ್ಷಪ್ರಮಾಣವನ್ನು ಸಂಪಾದಿಸುವುದು. ಎಳೆಯ ಬೇರು ಮುರಿಯುವುದರಿಂದ ಇಲ್ಲಿ ಪ್ರಮಾಣವೇ ಪ್ರಮೇಯವನ್ನು ನಾಶಮಾಡುತ್ತದೆ. ಅನ್ಯದರ್ಶನಗಳಲ್ಲಿ ಈ ಸ್ಥಿತಿಯು ಚರ್ಚಿತವಾಗಿಲ್ಲ.

(ಇ) ಅನ್ಯಥಾಖ್ಯಾತಿರೂಪ. ನೈಯಾಯಿಕರು ಶುಕ್ತಿಯಲ್ಲಿ ರಜತದ ಭ್ರಮೆಯನ್ನು ಹೇಳಿದಂತೆ, ಇಲ್ಲಿ ಕಳೆಯಲ್ಲಿ ದಂಟಿನ ಭ್ರಮೆ. ಶುಕ್ತಿಯ ಭ್ರಮೆಯು ಸಮೀಪಕ್ಕೆ ಹೋದೊಡನೆ ನಿವೃತ್ತವಾಗುತ್ತದೆ. ಕಳೆಯ ಭ್ರಮೆಯು ಮೂರು ವಾರ ನೀರೂ ಗೊಬ್ಬರವೂ ಪಡೆದು ಪುಷ್ಟವಾಗುತ್ತದೆ. ಅಂತ್ಯದಲ್ಲಿ ತತ್ತ್ವಜ್ಞಾನವುಂಟಾದರೂ ವಾತ್ಸಲ್ಯವು ಬಾಧಿತವಾಗದೆ, ಕುಂಡವು ಕಳೆಯ ಅಧೀನದಲ್ಲಿಯೇ ಉಳಿಯುವುದುಂಟು.

4.2. ಜಲಚಿಂತೆ. (ಅ) ನ್ಯೂನತಾರೂಪ, (ಆ) ಅತಿರೇಕರೂಪ, (ಇ) ಪ್ರತಿನಿಧಿರೂಪ. ಬಾಡಿದ ಎಲೆಯು ನೀರಿನ ಅಭಾವದಿಂದಲೂ, ಬೇರು ಕೊಳೆಯುವಷ್ಟು ನೀರಿನಿಂದಲೂ ಬಾಡುವ ಕಾರಣ ಮೊದಲೆರಡರ ಲಿಂಗವು ಒಂದೇ. ಹೀಗಾಗಿ ಒಂದರ ಚಿಕಿತ್ಸೆಯು ಇನ್ನೊಂದರ ನಿದಾನವಾಗುತ್ತದೆ. ಯುಗಾದಿಗೆ ಊರಿಗೆ ಹೋಗುವಾಗ ನೆರೆಮನೆಯವರಿಗೆ ತಾರಸಿಯ ಬೀಗದಕೈ ಒಪ್ಪಿಸುವುದರಿಂದ ಮೂರನೆಯದು ಹುಟ್ಟುತ್ತದೆ. ಇದರಲ್ಲಿ ಇಣುಕುಗಳು ದೂರವಾಣಿಯ ಮೂಲಕ ಸಂಪನ್ನವಾಗುತ್ತವೆ. ‘ಹಬ್ಬ ಹೇಗಾಯ್ತು ರೀ’ ಎಂಬ ಪ್ರಶ್ನೆಯು ಇಲ್ಲಿ ಪೂರ್ವಾಂಗಮಾತ್ರ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಲಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದಾಗ ಉದಕವಿಭಾಗವು ಅನಿವಾರ್ಯವಾಯಿತು. ಅದು ತ್ರಿವಿಧ: ತಂಡುಲೋದಕ ಅರ್ಥಾತ್ ಅಕ್ಕಿ ತೊಳೆದ ನೀರು, ಉತ್ತಮ; ಶಾಕಕ್ಷಾಲನೋದಕ ಅರ್ಥಾತ್ ಸೊಪ್ಪು ತೊಳೆದ ನೀರು, ಮಧ್ಯಮ; ಶೋಧಕಪರಿತ್ಯಕ್ತೋದಕ ಅರ್ಥಾತ್ ಆರ್‌ಒ ಯಂತ್ರವು ಹೊರಬಿಟ್ಟ ನೀರು, ಲವಣಾಂಶ ಹೆಚ್ಚಿರುವುದರಿಂದ ಅಧಮ. ಸೊಪ್ಪು ತೊಳೆದ ನೀರಿಗಾಗಿಯೇ ಪೇಟೆಯಿಂದ ಸೊಪ್ಪು ತರುವುದು ಈ ಶಾಸ್ತ್ರಕ್ಕೆ ಸಮ್ಮತ.

4.3. ಪುಷ್ಪಚಿಂತೆ. (ಅ) ಪುಂಪುಷ್ಪಬಾಹುಲ್ಯರೂಪ. ಕುಂಬಳ, ಹೀರೆ, ಹಾಗಲಗಳಲ್ಲಿ ಮೊದಲು ಗಂಡುಹೂವುಗಳೇ ಬರುತ್ತವೆ. ಬುಡದಲ್ಲಿ ಪುಟ್ಟ ಕಾಯಿಯುಳ್ಳ ಹೆಣ್ಣುಹೂವು ಅನಂತರ. ಇದು ಬಳ್ಳಿಯ ಸ್ವಧರ್ಮವೆಂದು ಅರಿತವರಲ್ಲಿಯೂ ಚಿಂತೆಯು ಕಾಣುವುದರಿಂದ, ಶಾಕಚಿಂತೆಗೆ ಅಜ್ಞಾನವು ಕಾರಣವಲ್ಲವೆಂದು ಸಿದ್ಧವಾಯಿತು.

(ಆ) ಪತನರೂಪ. ಹಗಲಿನ ತಾಪವು 35 ಡಿಗ್ರಿಯನ್ನು ಮೀರಿದರೆ ಟೊಮೆಟೊ ಹೂವು ಕಾಯಿಕಟ್ಟದೆ ಉದುರುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪವು 39.2 ಡಿಗ್ರಿಗೆ ಏರಿತ್ತು. ಅಂದು ಉದುರಿದ ಹೂವುಗಳಿಗೆ ನರ್ಸರಿಯವನು ಹೊಣೆಯಲ್ಲವೆಂಬುದು ಇದರಿಂದ ನಿರ್ಣೀತ.

(ಇ) ಭೃಂಗಾಭಾವರೂಪ. ನಾಲ್ಕನೆಯ ಮಹಡಿಗೆ ಜೇನ್ನೊಣ ಬಾರದಿದ್ದರೆ ಪರಾಗಸ್ಪರ್ಶವನ್ನು ಯಾರು ಮಾಡಬೇಕು? ಸೋಮಲತೆ ದೊರೆಯದಿದ್ದಲ್ಲಿ ಪೂತೀಕವನ್ನು ಗ್ರಹಿಸಬಹುದೆಂದು ಮೀಮಾಂಸಕರು ಪ್ರತಿನಿಧಿನ್ಯಾಯವನ್ನು ಒಪ್ಪಿದ್ದಾರೆ. ತದನುಸಾರವಾಗಿ ಜೇನ್ನೊಣದ ಸ್ಥಾನದಲ್ಲಿ ಗೃಹಸ್ಥನು ಪ್ರಾಪ್ತನಾಗುತ್ತಾನೆ. ಕಾಲನಿಯಮವು ಜಾತಿಗನುಗುಣ: ಕುಂಬಳದ ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ, ಹೀರೆ, ಸೋರೆಗಳು ಸಂಜೆಗೆ ಅರಳುತ್ತವೆ. ಆದಕಾರಣ ಕುಂಬಳ ಹಾಗೂ ಹೀರೆ ಎರಡನ್ನೂ ಬೆಳೆದ ಗೃಹಸ್ಥನಿಗೆ ಸಂಧ್ಯಾವಂದನೆಯಂತೆಯೇ ಉಭಯಕಾಲದ ಕರ್ತವ್ಯವು ವಿಹಿತ. ಸಾಧನವು ಮೃದುವಾದ ಕುಂಚ, ಅದಿಲ್ಲದಿದ್ದರೆ ಗಂಡುಹೂವೇ. ಕರ್ಮಾನಂತರ ಕೈಯಲ್ಲಿ ಪರಾಗವು ಉಳಿದಿದ್ದರೆ ಅದನ್ನು ತೊಳೆದುಕೊಂಡು ಆಫೀಸಿಗೆ ಹೋಗಬಹುದು.

4.4. ಕೀಟಚಿಂತೆ. (ಅ) ಪ್ರತ್ಯಕ್ಷರೂಪ: ಬದನೆಯ ಕಾಂಡದ ಮೇಲೆ ಹಿಟ್ಟು ತಿಗಣೆ ಕಾಣುವುದು. (ಆ) ಆಪ್ತವಾಕ್ಯರೂಪ: ಪಕ್ಕದ ತಾರಸಿಯಲ್ಲಿ ಬಿಳಿ ನೊಣ ಬಂದಿದೆಯೆಂದು ಕೇಳುವುದು. ಈ ನೊಣವು ಟೊಮೆಟೊ ಎಲೆಮುದುರು ರೋಗದ ವಾಹಕ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನೂ, ಬ್ಯಾಕ್ಟೀರಿಯಾ ಸೊರಗು ಹಾಗೂ ಎಲೆಚುಕ್ಕೆ ಅಂಗಮಾರಿಗಳನ್ನೂ ತಡೆಯಬಲ್ಲ ‘ಅರ್ಕಾ ರಕ್ಷಕ್’ ತಳಿಯನ್ನು ನೀಡಿದೆ. ತಳಿಯಲ್ಲಿ ರೋಗನಿರೋಧವು ಸಿದ್ಧವಾಗಿದೆ, ಬೆಳೆಗಾರನಲ್ಲಿ ಚಿಂತಾನಿರೋಧವು ಸಾಧ್ಯವಾಗಿಯೇ ಉಳಿದಿದೆ.

(ಇ) ಅನುಮಿತಿರೂಪ. ಇದರ ಪಂಚಾವಯವ ವಾಕ್ಯ: ‘ಈ ಅಲಸಂದೆ ಬಳ್ಳಿಯು ಹೇನುಗಳಿಂದ ಕೂಡಿದೆ, ಇರುವೆಗಳ ಸಾಲಿರುವುದರಿಂದ, ಎಲ್ಲಿ ಇರುವೆಯ ಸಾಲೋ ಅಲ್ಲಿ ಹೇನು, ಕಳೆದ ವರ್ಷದ ಅವರೆಯಲ್ಲಿದ್ದಂತೆ, ಇದೂ ಹಾಗೆಯೇ ಇದೆ, ಆದ್ದರಿಂದ ಇದೂ ಹಾಗೆಯೇ.’ ಹೇನುಗಳು ಸ್ರವಿಸುವ ಸಿಹಿದ್ರವಕ್ಕಾಗಿ ಇರುವೆಗಳು ಬರುತ್ತವಾದ್ದರಿಂದ ವ್ಯಾಪ್ತಿಯು ದೃಢವೆಂದು ತೋರುತ್ತದೆ. ಆದರೆ ಯುಗಾದಿಯಂದು ತಾರಸಿಯಲ್ಲಿ ಬೇವು ಬೆಲ್ಲ ತಿಂದ ಮಕ್ಕಳು ಬೇವನ್ನು ಉಗುಳುವ ಭರದಲ್ಲಿ ಬೆಲ್ಲವನ್ನೂ ಬೀಳಿಸುವುದುಂಟು. ಅಲ್ಲಿ ಇರುವೆಯುಂಟು, ಹೇನಿಲ್ಲ. ಹೀಗೆ ಹೇತುವು ಸವ್ಯಭಿಚಾರ. ‘ಬೆಲ್ಲರಹಿತ ಪ್ರದೇಶದಲ್ಲಿ’ ಎಂದು ವಿಶೇಷಣವನ್ನು ಸೇರಿಸಿ ವ್ಯಾಪ್ತಿಯನ್ನು ರಕ್ಷಿಸಬೇಕು. ತದನಂತರವೇ ಬೇವಿನೆಣ್ಣೆಯನ್ನು ಸಿಂಪಡಿಸಬೇಕು.

4.5. ಫಲಚಿಂತೆ. (ಅ) ಛೇದನಕಾಲರೂಪ. ಬೆಂಡೆಯನ್ನು ಹೂವರಳಿದ 5–6 ದಿನಗಳಲ್ಲಿ ಕೊಯ್ಯಬೇಕು, ತಡವಾದರೆ ನಾರಾಗುತ್ತದೆ. ‘ಇನ್ನೊಂದು ದಿನ ಬೆಳೆಯಲಿ’ ಎಂಬ ವಾಕ್ಯವು ಈ ಚಿಂತೆಯ ಅಸಾಧಾರಣ ಲಿಂಗ. (ಆ) ವಿಭಾಗರೂಪ. ಫಲವೊಂದು, ಭೋಕ್ತೃಗಳು ನಾಲ್ವರು. ಒಂದು ಬದನೆಯನ್ನು ನಾಲ್ಕಾಗಿ ಸೀಳಿ ತೊಟ್ಟಿನಲ್ಲಿ ಕೂಡಿಸಿಟ್ಟು ಎಣ್ಣೆಗಾಯಿ ಮಾಡಿದರೆ ಅವಯವಗಳೂ ಅವಯವಿಯೂ ಏಕಕಾಲದಲ್ಲಿ ಉಳಿಯುತ್ತವೆಂಬುದು ಪಾಕಶಾಸ್ತ್ರಜ್ಞರ ಪರಿಹಾರ. (ಇ) ಅತಿಸಮೃದ್ಧಿರೂಪ. ಬಸಳೆಯಲ್ಲಿ ಮಾತ್ರ ಪ್ರಸಿದ್ಧ.

5. ಸಂಖ್ಯಾನಿರ್ಣಯ

ಹೀಗೆ ಭೇದಗಳು 15. ಪ್ರತಿಯೊಂದೂ ಭೂತ, ವರ್ತಮಾನ, ಭವಿಷ್ಯಗಳೆಂಬ ಕಾಲಭೇದದಿಂದ 45. ತನ್ನೊಳಗೇ ನಡೆಯುವ ಸ್ವಾರ್ಥಚಿಂತೆ, ಊಟದ ಹೊತ್ತಿಗೆ ಮನೆಮಂದಿಗೆ ನಿವೇದಿಸುವ ಪರಾರ್ಥಚಿಂತೆ ಎಂಬ ಭೇದದಿಂದ ಕುಂಡವೊಂದಕ್ಕೆ 90. ಹನ್ನೆರಡು ಕುಂಡಗಳ ತಾರಸಿಯಲ್ಲಿ 1,080.

ಇಲ್ಲಿ ಶಂಕೆ: ಇಂದು ಬಿತ್ತಿದ ಕುಂಡದಲ್ಲಿ ಫಲಚಿಂತೆಯು ಹೇಗೆ ಸಂಭವಿಸೀತು? ಸಮಾಧಾನ: ಅಲ್ಲಿಯೇ ಅದು ಪ್ರಬಲ. ಬೀಜದ ಪೊಟ್ಟಣದ ಮೇಲಿನ ಚಿತ್ರವು ಫಲವನ್ನು ಮುಂಚಿತವಾಗಿ ಬುದ್ಧಿಸ್ಥಗೊಳಿಸುವುದರಿಂದ, ಮೊಳೆಯುವ ಮುನ್ನವೇ ಹಂಚಿಕೆಯ ವಿವಾದವು ಏರ್ಪಡುತ್ತದೆ.

6. ಪೂರ್ವಪಕ್ಷ, ಸಿದ್ಧಾಂತ

ಲೌಕಿಕರು ಆಕ್ಷೇಪಿಸುವರು: ಮಣ್ಣು, ಗೊಬ್ಬರ, ಕುಂಡ, ಬೇವಿನೆಣ್ಣೆಗಳ ವೆಚ್ಚವನ್ನು ಕೂಡಿಸಿದರೆ ಆ ಬದನೆಯು ಪೇಟೆಯ ಬದನೆಗಿಂತ ಬಹುಗುಣ ದುಬಾರಿ, ಆದ್ದರಿಂದ ಈ ಪ್ರವೃತ್ತಿಯು ನಿಷ್ಫಲವೆಂದು. ಇದು ಅಸಾಧು. ಬದನೆಯನ್ನು ಪ್ರಧಾನಫಲವೆಂದೂ ಚಿಂತೆಯನ್ನು ಕ್ಲೇಶವೆಂದೂ ಎಣಿಸಿದ್ದರಿಂದ ಈ ಆಕ್ಷೇಪವು ಹುಟ್ಟಿತು. ವಸ್ತುತಃ ಬದನೆಯು ಕದಾಚಿತ್ ಬರುತ್ತದೆ, ಚಿಂತೆಯು ನಿಯತವಾಗಿ ಬರುತ್ತದೆ. ನಿಯತವಾಗಿ ಬರುವುದೇ ಪ್ರಧಾನ, ಕದಾಚಿತ್ ಬರುವುದು ಆನುಷಂಗಿಕ. ಪೇಟೆಯ ಬದನೆಯ ಇಣುಕು ಶೂನ್ಯ. ಆದಕಾರಣ ಅದು ಅಗ್ಗವಲ್ಲ, ಅಪೂರ್ಣ.

7. ಅಭಾವಪ್ರಕರಣ

ಅಂತ್ಯದಲ್ಲಿ ಚಿಂತಾಭಾವವು ವಿಚಾರ್ಯ. ತಾರ್ಕಿಕರು ಅಭಾವವನ್ನು ಚತುರ್ವಿಧವೆಂದಿದ್ದಾರೆ. ಟೊಮೆಟೊ ಚಿಂತೆಯು ಬೆಂಡೆಯ ಚಿಂತೆಯಲ್ಲ ಎಂಬುದು ಅನ್ಯೋನ್ಯಾಭಾವ. ಕುಂಡವೇ ಇಲ್ಲದವನಲ್ಲಿ ಅತ್ಯಂತಾಭಾವ. ಮೊದಲ ಬೀಜದ ಪೊಟ್ಟಣವನ್ನು ಕೊಳ್ಳುವ ಮುನ್ನ ಪ್ರಾಗಭಾವ. ಕ್ಲೇಶವಿರುವುದು ನಾಲ್ಕನೆಯದರಲ್ಲಿ. ಗಿಡವು ಸತ್ತಾಗ ಚಿಂತೆಯು ನಾಶವಾಗುವುದರಿಂದ ಅದು ಪ್ರಧ್ವಂಸಾಭಾವವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲವೆಂಬುದು ಶಾಸ್ತ್ರಸಮ್ಮತ. ಇಲ್ಲಿಯಾದರೋ ರೋಹಿಣಿ ಮಳೆಯ ಮೊದಲ ಹನಿ ಬಿದ್ದೊಡನೆ ಅದೇ ಕುಂಡ, ಅದೇ ಮಣ್ಣು, ಹೊಸ ಪೊಟ್ಟಣ, ಅದೇ ಚಿಂತೆ. ನಷ್ಟವಾದದ್ದು ಮರಳಿ ಬಾರದು. ಇದು ಮರಳಿ ಬರುತ್ತದೆ. ಆದ್ದರಿಂದ ತರ್ಕಶಾಸ್ತ್ರವು ಪ್ರಧ್ವಂಸಾಭಾವದ ಲಕ್ಷಣವನ್ನು ತಿದ್ದಿಕೊಳ್ಳಬೇಕು, ಇಲ್ಲವೇ ಗಿಡ ಸತ್ತಾಗಲೂ ಚಿಂತೆಯು ನಾಶವಾಗಿರಲಿಲ್ಲವೆಂದು ಅಂಗೀಕರಿಸಬೇಕು. ತಾರ್ಕಿಕರ ಮೇಲಿನ ಗೌರವದಿಂದ ನಾವು ಎರಡನೆಯದನ್ನೇ ಅಂಗೀಕರಿಸುತ್ತೇವೆ.