ಎಂಟರ್ ಒತ್ತಿದರೆ ಬರುವ ಗಣಿತ

ನಮ್ಮ ಬಿಎಸ್ಸಿ ಹುಡುಗರ ಗಣಿತದ ಲ್ಯಾಬ್ ರೆಕಾರ್ಡ್ ನೋಡಿದ್ದೀರಾ? ಲೆಕ್ಕದಲ್ಲಿ ಒಂದೇ ಒಂದು ತಪ್ಪಿರುವುದಿಲ್ಲ. ನ್ಯೂಟನ್-ರಾಫ್ಸನ್, ಸಿಂಪ್ಸನ್, ರುಂಗೆ-ಕುಟ್ಟಾ, ಎಲ್ಲವನ್ನೂ ಸೈಲ್ಯಾಬ್ ತಂತ್ರಾಂಶದಲ್ಲಿ ಮಾಡಿ, ಔಟ್‌ಪುಟ್ ಪ್ರಿಂಟ್ ತೆಗೆದು, ಗೋಂದು ಹಚ್ಚಿ ಅಂಟಿಸಿರುತ್ತಾರೆ. ಇಡೀ ಬ್ಯಾಚಿಗೆ ಉತ್ತರ ಒಂದೇ. ಗಣಿತದ ಸತ್ಯ ಎಲ್ಲರಿಗೂ ಒಂದೇ ತಾನೇ ಅನ್ನುತ್ತೀರಿ. ಒಪ್ಪೋಣ. ಸ್ಪೆಲ್ಲಿಂಗ್ ಮಿಸ್ಟೇಕೂ ಎಲ್ಲರಿಗೂ ಒಂದೇ ಆಗಿದ್ದು ಹೇಗೆ ಸ್ವಾಮಿ?

"ಏನಪ್ಪಾ, ನ್ಯೂಟನ್ ವಿಧಾನ ಅಂದರೇನು?" ಅಂತ ಕೇಳಿ ನೋಡಿ.

"ಫೈಲ್ ಓಪನ್ ಮಾಡಿ ರನ್ ಕೊಡೋದು ಸಾರ್."

"ರನ್ ಆಗದಿದ್ದರೆ?"

"ಎಲ್ಲೋ ಎಂಡ್ ಹಾಕೋದು ಮರೆತಿರ್ತೀವಿ ಸಾರ್."

ಸಮೀಕರಣದ ಮೂಲ ಹುಡುಕಲು ಹೊರಟವನು ಕಳೆದುಹೋದ ಎಂಡ್ ಹುಡುಕುವುದರಲ್ಲೇ ಪದವೀಧರನಾಗುತ್ತಾನೆ.

ತಂತ್ರಾಂಶವನ್ನು ಬೈಯಬೇಡಿ. 1970ರ ದಶಕದ ಕೊನೆಗೆ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಕ್ಲೀವ್ ಮೋಲರ್ ಮೇಷ್ಟ್ರು ಸೈಲ್ಯಾಬ್ ಜಾತಿಯದೇ ಆದ ಮ್ಯಾಟ್‌ಲ್ಯಾಬ್ ಬರೆದದ್ದೇ, ಹುಡುಗರು ಫೋರ್ಟ್ರಾನ್ ಜೊತೆ ಗುದ್ದಾಡದೆ ಮ್ಯಾಟ್ರಿಕ್ಸ್ ಲೆಕ್ಕ ಕಲಿಯಲಿ ಅಂತ. ಅದೇ ಜಾತಿಯ ಇನ್ನೊಂದು ತಂತ್ರಾಂಶ ಆಕ್ಟೇವ್ ಹುಟ್ಟಿದ್ದೂ ಕೆಮಿಕಲ್ ಎಂಜಿನಿಯರಿಂಗ್ ಪಾಠಕ್ಕೇ. ತಕರಾರು ಇರುವುದು ನಾವು ಕೊಡುವ ಲೆಕ್ಕಗಳ ಮೇಲೆ.

ಎಕ್ಸ್ ಕ್ಯೂಬ್ ಮೈನಸ್ 2 ಎಕ್ಸ್ ಮೈನಸ್ 5 ಸೊನ್ನೆಗೆ ಸಮ. ಇದನ್ನು ಸ್ವತಃ ನ್ಯೂಟನ್ 1669ರಲ್ಲಿ ಬಿಡಿಸಿಟ್ಟಿದ್ದಾನೆ, ನಾವಿನ್ನೂ ಬಿಟ್ಟಿಲ್ಲ. 2ರಿಂದ ಶುರು ಮಾಡಿದರೆ 2.1, ಆಮೇಲೆ 2.0946. ಹೆಣ್ಣು ನೋಡಲು ಬಂದ ವರನ ಹಾಗೆ ಏನೊಂದು ವಿನಯ! ಇಂಥ ಲೆಕ್ಕ ಯಾರಿಗೆ ಏನು ಕಲಿಸೀತು?

ಈಗ ಮೈನಸ್ 5 ಅಳಿಸಿ ಪ್ಲಸ್ 2 ಹಾಕಿ, ಸೊನ್ನೆಯಿಂದ ಹೊರಡಿ. ಮೊದಲ ಹೆಜ್ಜೆಗೆ 1. ಎರಡನೆಯದಕ್ಕೆ ಮತ್ತೆ 0. ಆಮೇಲೆ 1, 0, 1, 0... ಕೈಯಲ್ಲಿ ಮಾಡುವವನು ನಾಲ್ಕನೇ ಸಾಲಿಗೆ ಪೆನ್ನು ಕೆಳಗಿಟ್ಟು ತಲೆ ಕೆರೆದುಕೊಳ್ಳುತ್ತಾನೆ. ಕಂಪ್ಯೂಟರಿಗೆ ತಲೆಯೂ ಇಲ್ಲ, ಕೆರೆತವೂ ಇಲ್ಲ. ಇಪ್ಪತ್ತು ಸಲ ಸುತ್ತು ಅಂತ ಲೂಪ್ ಬರೆದಿದ್ದರೆ ನಿಯತ್ತಾಗಿ ಇಪ್ಪತ್ತು ಸಲ ಸುತ್ತಿ, ಕೊನೆಗೆ 'ಮೂಲ: 0' ಅಂತ ಮುದ್ರಿಸಿ ಕೈತೊಳೆದುಕೊಳ್ಳುತ್ತದೆ. ನಮ್ಮವನು ಅದನ್ನೂ ಅಂಟಿಸುತ್ತಾನೆ! ಸಮೀಕರಣಕ್ಕೆ ಆ ಸೊನ್ನೆ ಹಾಕಿ ನೋಡಿದರೆ ಬರುವುದು 2. ನಿಜವಾದ ಮೂಲ ಇರುವುದು ಮೈನಸ್ 1.7693ರಲ್ಲಿ, ಮೈನಸ್ 2ರಿಂದ ಹೊರಟಿದ್ದರೆ ಮೂರೇ ಹೆಜ್ಜೆಗೆ ಸಿಗುತ್ತಿತ್ತು. ಒಂದು ಸಾಲಿನ ಪ್ಲಾಟ್ ಆಜ್ಞೆ ಕೊಟ್ಟು ರೇಖೆ ಎಲ್ಲಿ ಅಕ್ಷ ದಾಟುತ್ತದೆಂದು ಇಣುಕಿದ್ದರೆ ಅದೂ ತಿಳಿಯುತ್ತಿತ್ತು. ಸಾಫ್ಟ್‌ವೇರ್ ಇರುವುದು ಇಂಥದ್ದಕ್ಕೆ. ಆದರೆ ಗ್ರಾಫಿಗೆ ರೆಕಾರ್ಡಿನಲ್ಲಿ ಮಾರ್ಕ್ಸ್ ಇಲ್ಲವಲ್ಲ!

ಎಕ್ಸ್‌ಟರ್ನಲ್ ಆಗಿ ಹೊರಟಿರುವ ಮೇಷ್ಟ್ರೇ, ಮೇಡಮ್ಮೋರೇ, ಈ ಸಲ ಆ ಪ್ಲಸ್ 2ರ ಲೆಕ್ಕವನ್ನೇ ಕೊಟ್ಟು, ಸೊನ್ನೆಯಿಂದಲೇ ಶುರು ಮಾಡಿಸಿ. ವೈವಾ ಸ್ವಲ್ಪ ಉದ್ದವಾದೀತು. ಟೀ ಎರಡು ಸಲ ತರಿಸಿಕೊಳ್ಳಿ.