ಫಲಕಯಶೋಮೀಮಾಂಸೆ

ಕಾವ್ಯಪ್ರಯೋಜನಗಳನ್ನು ಎಣಿಸಹೊರಟ ಮಮ್ಮಟನು ಯಶಸ್ಸನ್ನೇ ಮೊದಲಿಗಿಟ್ಟನಷ್ಟೆ. ಆದರೆ ಕಾವ್ಯವನ್ನಾಗಲಿ ಕೆರೆಯನ್ನಾಗಲಿ ಕಾಳಗವನ್ನಾಗಲಿ ಆಶ್ರಯಿಸದೆ, ಎರಡು ವಿದ್ಯುತ್ಕಂಬಗಳನ್ನೂ ಒಂದಿಷ್ಟು ಕಟ್ಟುತಂತಿಯನ್ನೂ ಅಧಿಷ್ಠಾನವಾಗಿ ಮಾಡಿಕೊಂಡು ನಿಲ್ಲಬಲ್ಲ ಯಶಸ್ಸೊಂದು ಉಂಟೆಂಬುದು ಆ ಕಾಶ್ಮೀರ ಪಂಡಿತನಿಗೆ ಹೊಳೆಯದೆ ಹೋದುದಕ್ಕೆ, ಆತನು ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಒಂದು ಸಂಜೆಯಾದರೂ ಸಿಕ್ಕಿಕೊಳ್ಳದಿದ್ದುದೇ ಕಾರಣವೆಂದು ಊಹಿಸಬೇಕಾಗಿದೆ. ಆ ನ್ಯೂನತೆಯ ಪರಿಹಾರಾರ್ಥವಾಗಿ ಈ ಪ್ರಬಂಧವು.

ಲಕ್ಷಣ: ಕೃತ್ಯನಿರಪೇಕ್ಷವೂ ಮುದ್ರಣಮಾತ್ರಜನ್ಯವೂ ಆದ ಪ್ರಸಿದ್ಧಿಯೇ ಫಲಕಯಶಸ್ಸು. ಎರಡನೆಯ ವಿಶೇಷಣವನ್ನು ಬಿಟ್ಟರೆ ರೀಲ್ಸ್ ಮಾಡುವವರಲ್ಲಿ ಅತಿವ್ಯಾಪ್ತಿ, ಇಟ್ಟರೆ ಎಲ್‌ಇಡಿ ಪರದೆಗಳಲ್ಲಿ ಅವ್ಯಾಪ್ತಿ; ಉಭಯದೋಷಗಳ ನಿವಾರಣೆಯನ್ನು, ಪ್ರಯಾಣಭತ್ಯೆ ಮಂಜೂರಾದ ಪಕ್ಷದಲ್ಲಿ, ಮುಂದಿನ ವಿಚಾರಸಂಕಿರಣದಲ್ಲಿ ಮಂಡಿಸಲಾಗುವುದು.

ಇದು ಚತುರ್ವಿಧವು. ಮೊದಲನೆಯದು ಜನ್ಮದಿನನೈಮಿತ್ತಿಕ: ಕಪ್ಪು ಕನ್ನಡಕವನ್ನು ಧರಿಸಿ ಕೈಮುಗಿದು ನಿಂತ ನಾಯಕನು 'ಯುವಕರ ಕಣ್ಮಣಿ', 'ಬಡವರ ಬಂಧು' ಎಂಬ ಬಿರುದಾವಳಿಯೊಡನೆ ಆಳೆತ್ತರವನ್ನು ಮೀರಿ ಬೆಳಗುವನು. (ಹೀಗೆ ಬೆಳಗುವ ಬಡಾವಣೆಗಳಲ್ಲೊಂದಾದ ಆರ್.ಟಿ. ನಗರದ ಹೆಸರಿನೊಳಗೆ ವಿಶ್ವಕವಿ ರವೀಂದ್ರನಾಥ ಠಾಕೂರರು ಆರ್.ಟಿ. ಎಂಬ ಎರಡಕ್ಷರಗಳಾಗಿ ಮುದುರಿಕೊಂಡಿರುವುದನ್ನು ಜಿಜ್ಞಾಸುಗಳು ಗಮನಿಸತಕ್ಕದ್ದು.) ಎರಡನೆಯದು ಆನುಷಂಗಿಕ: ನಾಯಕನ ಪಾದಮೂಲದಲ್ಲಿ ಹೆಬ್ಬೆರಳಷ್ಟು ಮುಖಗಳ ಸಾಲು, 'ಶುಭ ಕೋರುವವರು'. ಶುಭ ಕೋರಿದುದೇ ಇವರ ಜೀವಮಾನದ ಸಾಧನೆ. ಇವರಲ್ಲೊಬ್ಬನು ಮುಂದಿನ ವರ್ಷ ಮೇಲಿನ ಸ್ಥಾನದಲ್ಲಿ ಕಾಣಿಸಿಕೊಳ್ಳುವುದು ಪುನರ್ಜನ್ಮಸಿದ್ಧಾಂತಕ್ಕೆ ಲಭ್ಯವಾಗಿರುವ ಏಕೈಕ ಪ್ರತ್ಯಕ್ಷಪ್ರಮಾಣ. ಮೂರನೆಯದಾದ ಶ್ರದ್ಧಾಂಜಲಿಯಲ್ಲಿ ಸತ್ತವನಿಗಿಂತ ಅತ್ತವನ ಚಿತ್ರವು ದೊಡ್ಡದು. ನಾಲ್ಕನೆಯದನ್ನು ವಿವರಿಸುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ.

2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯವು ಗದರಿಸಲಾಗಿ, ಪಾಲಿಕೆಯವರು ಇಂಥ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತೊಗೆದರು. ಅವು ಮತ್ತೆ ಚಿಗುರಿದವು. ಅದೇ ವರ್ಷ ಅದೇ ಹೆಬ್ಬಾಳದಲ್ಲಿ ಮಣ್ಣಿನಿಂದ ಮೇಲೆ ಬಂದ ವೀರಗಲ್ಲೊಂದು, ಸುಮಾರು ಕ್ರಿ.ಶ. 750ರಲ್ಲಿ, ಗಂಗರ ಶ್ರೀಪುರುಷನು ಆಳುತ್ತಿದ್ದಾಗ, ನಾಡಿನ ಮೇಲೆ ಬಿದ್ದ ದಾಳಿಯನ್ನು ತಡೆದು ಮಡಿದ ಕಿತ್ತಯ್ಯನೆಂಬವನ ಸುದ್ದಿಯನ್ನು ಹೇಳಿತು. ಅಲ್ಲಿಂದ ಉತ್ತರಕ್ಕೆ ಯಲಹಂಕದಲ್ಲಿ, 2008ರ ನವೆಂಬರಿನಲ್ಲಿ ಮುಂಬಯಿಯ ಹೋಟೆಲಿನೊಳಗೆ ಹೋರಾಡುತ್ತ ಪ್ರಾಣಬಿಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರನ್ನು ರಸ್ತೆಯೊಂದು ಹೊತ್ತಿದೆ. ಇವರಿಬ್ಬರ ನಡುವೆ ಹನ್ನೆರಡೂವರೆ ಶತಮಾನಗಳು ಕಳೆದರೂ ಕ್ರಮವೊಂದು ಕೆಟ್ಟಿರಲಿಲ್ಲ: ಮೊದಲು ಕೃತ್ಯ, ಬಳಿಕ ಹೆಸರು, ಹೆಸರನ್ನು ಬರೆಸುವವರು ಬೇರೆಯವರು.

ಈಗ ಶಾಸ್ತ್ರಭಾಷೆಯನ್ನು ಬಿಡುತ್ತೇನೆ. 2024ರ ಜನವರಿ 8ರಂದು, ಪಂಪನು ತಿರುಳ್ಗನ್ನಡದ ನೆಲೆಯೆಂದು ಕೊಂಡಾಡಿದ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಾಲ್ಲೂಕಿನ ಸೂರಣಗಿಯಲ್ಲಿ, ನಟ ಯಶ್ ಅವರ ಹುಟ್ಟುಹಬ್ಬದ ಕಟೌಟನ್ನು ನಡುರಾತ್ರಿ ನಿಲ್ಲಿಸಹೋದ, ಇಪ್ಪತ್ತರ ಆಸುಪಾಸಿನ ಮೂವರು ಹುಡುಗರು ವಿದ್ಯುತ್ ತಗುಲಿ ಸತ್ತರು. ನಟರು ಆ ಮನೆಗಳಿಗೆ ಹೋಗಿ ಮರುಗಿದರು, ಇಂಥ ಅಭಿಮಾನ ಬೇಡವೆಂದರು, ಅದನ್ನು ಒಪ್ಪತಕ್ಕದ್ದೇ. ಆದರೂ ಬಳ್ಳಾರಿ ರಸ್ತೆಯ ಕಂಬಗಳಿಗೆ ಹುಡುಗರು ಇನ್ನೂ ಹತ್ತುತ್ತಲೇ ಇದ್ದಾರೆ, ಹತ್ತಿಸುವ ಅಣ್ಣಂದಿರು ಕೆಳಗೆ ನಿಂತು 'ಸ್ವಲ್ಪ ಎಡಕ್ಕೆ' ಎನ್ನುತ್ತಲೇ ಇದ್ದಾರೆ. ಕಿತ್ತಯ್ಯನ ಕಾಲದಲ್ಲಿ ಸತ್ತವನಿಗಾಗಿ ಬದುಕಿದ್ದವರು ಕಲ್ಲು ನಿಲ್ಲಿಸಿದರು. ಇಂದು ಬದುಕಿರುವವನ ಚಿತ್ರವನ್ನು ನಿಲ್ಲಿಸಲು ಹೋದವರು ಸಾಯುತ್ತಾರೆ. ಈ ಮೂವರನ್ನು ನನ್ನ ನಾಲ್ಕು ವಿಧಗಳಲ್ಲಿ ಯಾವುದಕ್ಕೆ ಸೇರಿಸಲಿ? ಕಿತ್ತಯ್ಯನ ಹೆಸರನ್ನು ಕಲ್ಲಿನ ಮೇಲೆ ಈಗಲೂ ಓದಬಹುದು. ಆ ಹುಡುಗರ ಹೆಸರನ್ನು ಅವರ ಊರಿನಾಚೆ ಇಂದು ಯಾರು ಹೇಳಬಲ್ಲರು?